ಕನ್ನಡ ಕೈಬರಹ: ಪದೇ ಪದೇ ಕೇಳುವ ಪ್ರಶ್ನೆಗಳು

ಕೈಬರಹ ತಿದ್ದಿಕೊಳ್ಳಬೇಕು ಅಂತ ಬರುವವರಲ್ಲಿ ಹೆಚ್ಚಿನವರು ಇಂಗ್ಲಿಷಿನ ನಿಯಮಗಳನ್ನೇ ತಲೆಯಲ್ಲಿಟ್ಟುಕೊಂಡು ಬಂದಿರುತ್ತಾರೆ: ಅಕ್ಷರ ಬಲಕ್ಕೆ ವಾಲಬೇಕು, ಒಂದಕ್ಕೊಂದು ಕೂಡಿಕೊಳ್ಳಬೇಕು, ನಾಲ್ಕು ಗೆರೆಯೊಳಗೆ ಕೂರಬೇಕು. ಕನ್ನಡಕ್ಕೆ ಇದ್ಯಾವುದೂ ಹೊಂದುವುದಿಲ್ಲ. ನಮ್ಮ ಅಕ್ಷರಕ್ಕೆ ಮೇಲೆ ತಲೆಕಟ್ಟು, ನಡುವೆ ದುಂಡನೆಯ ಮೈ, ಕೆಳಗೆ ಒತ್ತು. ಈ ಮೂರಕ್ಕೂ ಜಾಗ ಸಿಕ್ಕಿದರೆ ಬರಹ ತಾನಾಗಿ ಚೆಂದ ಕಾಣುತ್ತದೆ. ಮಕ್ಕಳ ಅಪ್ಪ ಅಮ್ಮಂದಿರು, ಪರೀಕ್ಷೆಗೆ ಕೂತವರು, ನಿವೃತ್ತರಾದ ಮೇಲೆ ಮತ್ತೆ ಪೆನ್ನು ಹಿಡಿದವರು ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಎಲ್ಲವೂ ಟೈಪ್ ಆಗುವ ಕಾಲದಲ್ಲಿ ಕೈಬರಹ ಯಾಕೆ?

ಎಸ್ಸೆಸ್ಸೆಲ್ಸಿಯಿಂದ ಹಿಡಿದು ಕೆ.ಎ.ಎಸ್. ಮುಖ್ಯ ಪರೀಕ್ಷೆಯವರೆಗೆ ಉತ್ತರವನ್ನು ಈಗಲೂ ಕೈಯಲ್ಲೇ ಬರೆಯಬೇಕು. ಅದೊಂದು ಕಾರಣವೇ ಸಾಕು. ಆದರೆ ಕನ್ನಡದ ಮಟ್ಟಿಗೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಫೋನಿನಲ್ಲಿ ನಮ್ಮಲ್ಲಿ ಬಹುಪಾಲು ಜನ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುತ್ತೇವೆ. ಹಾಗೆ ‘ಶಾಸ್ತ್ರ’ ಅಂತ ಮೂಡಿಸಿದ ಮಗುವಿಗೆ ಸಕಾರದ ಕೆಳಗೆ ತಕಾರದ ಒತ್ತು, ಅದರ ಕೆಳಗೆ ರಕಾರದ ಒತ್ತು ಬರುತ್ತದೆ ಅನ್ನುವುದು ಗೊತ್ತಾಗುವುದೇ ಇಲ್ಲ; ಆ ಕೆಲಸವನ್ನು ಫೋನು ಮಾಡಿ ಮುಗಿಸಿರುತ್ತದೆ. ಕೈಯಲ್ಲಿ ಬರೆಯದೆ ಕನ್ನಡದ ಒತ್ತಕ್ಷರ ಮನಸ್ಸಿಗೆ ಇಳಿಯುವುದಿಲ್ಲ ಅನ್ನುವುದು ನನ್ನ ದೃಢವಾದ ನಂಬಿಕೆ.

ವಿಜ್ಞಾನ ಏನು ಹೇಳುತ್ತದೆ ಅಂತಲೂ ಕೇಳುತ್ತಾರೆ. ನಾರ್ವೆಯ ಸಂಶೋಧಕರು 36 ವಿದ್ಯಾರ್ಥಿಗಳ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಅಳೆದು 2024ರಲ್ಲಿ ಪ್ರಕಟಿಸಿದ ಅಧ್ಯಯನ ಹೆಚ್ಚು ಸುದ್ದಿಯಾಯಿತು. ಟೈಪ್ ಮಾಡುವಾಗಿಗಿಂತ ಕೈಯಲ್ಲಿ ಬರೆಯುವಾಗ ಮಿದುಳಿನ ಬೇರೆ ಬೇರೆ ಭಾಗಗಳ ನಡುವಿನ ಸಂಪರ್ಕ ಹೆಚ್ಚು ವಿಸ್ತಾರವಾಗಿರುವುದು ಅದರಲ್ಲಿ ಕಂಡಿತು. ಆದರೆ ಅಲ್ಲಿ ಟೈಪ್ ಮಾಡಿಸಿದ್ದು ಒಂದೇ ಬೆರಳಿನಲ್ಲಿ. ಹಾಗಾಗಿ ಅದನ್ನೇ ಕೊನೆಯ ಮಾತು ಅಂದುಕೊಳ್ಳುವುದು ಬೇಡ.

ಮಗುವಿಗೆ ಪೆನ್ಸಿಲ್ ಯಾವಾಗ ಕೊಡಬೇಕು?

ಬೆರಳು ಮೊದಲು, ಪೆನ್ಸಿಲ್ ಆಮೇಲೆ. ಅಕ್ಷರಾಭ್ಯಾಸದ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ ಮಗುವಿನ ಬೆರಳು ಹಿಡಿದು ಬರೆಸುತ್ತೇವಲ್ಲ, ಆ ಪದ್ಧತಿ ಒಂದೇ ದಿನಕ್ಕೆ ನಿಲ್ಲಬಾರದು. ಶೃಂಗೇರಿಗೋ ಊರಿನ ಸರಸ್ವತಿ ಗುಡಿಗೋ ಹೋಗಿ ಶಾಸ್ತ್ರ ಮುಗಿಸಿ ಬಂದವರು ಮಾರನೇ ದಿನವೇ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ಕೂರಿಸುತ್ತಾರೆ. ಅದರ ಬದಲು ಇನ್ನೂ ಕೆಲವು ತಿಂಗಳು ರವೆ, ಮರಳು, ಒದ್ದೆ ನೆಲ, ಗೋಡೆಗೆ ಹಾಕಿದ ಕಪ್ಪು ಹಲಗೆ ಇವುಗಳ ಮೇಲೆ ದೊಡ್ಡದಾಗಿ ಬರೆಯಲಿ. ಭುಜದಿಂದ ಬರೆದದ್ದು ಮಣಿಕಟ್ಟಿಗೆ, ಮಣಿಕಟ್ಟಿನಿಂದ ಬೆರಳಿಗೆ ಇಳಿಯಬೇಕು. ಸ್ಲೇಟು ಸಿಕ್ಕರೆ ಕೊಡಿ. ಉತ್ತರ ಕರ್ನಾಟಕದವರು ಪಾಟಿ ಅನ್ನುವ ಆ ಕಪ್ಪು ಹಲಗೆಯಲ್ಲಿ ತಪ್ಪಾದರೆ ಅಂಗೈಯಲ್ಲಿ ಒರೆಸಿ ಮುಂದೆ ಹೋಗಬಹುದು, ಮಗುವಿಗೆ ಹೆದರಿಕೆ ಇರುವುದಿಲ್ಲ. ಚುಕ್ಕಿ ರಂಗೋಲಿ ಹಾಕಲು ಕಲಿತ ಮಕ್ಕಳ ಅಕ್ಷರದ ಸುಳಿ ಸಲೀಸಾಗಿ ತಿರುಗುತ್ತದೆ. ಗಂಡುಮಕ್ಕಳಿಗೂ ರಂಗೋಲಿ ಹೇಳಿಕೊಡಿ.

ಅ ಆ ಇ ಈ ಇಂದಲೇ ಶುರು ಮಾಡಬೇಕಾ?

ಬಾಯಿಪಾಠಕ್ಕೆ ವರ್ಣಮಾಲೆಯ ಕ್ರಮ ಸರಿ, ಕೈಗೆ ಅಲ್ಲ. ‘ಅ’ ಕನ್ನಡದ ಸುಲಭದ ಅಕ್ಷರವೇನಲ್ಲ. ‘ಈ’ ಮತ್ತು ‘ಋ’ ಅಂತೂ ದೊಡ್ಡವರಿಗೂ ಕಷ್ಟ. ಆಕಾರದ ಬಳಗ ನೋಡಿ ಕಲಿಸುವ ದಾರಿ ನಮ್ಮ ಸರ್ಕಾರಿ ಶಾಲೆಗಳಲ್ಲೇ ಇದೆ. ಒಂದನೇ ತರಗತಿಯ ಮಕ್ಕಳು ರ, ಗ, ಸ, ದ, ಅ ಅಂತ ಶುರು ಮಾಡಿ ಜ, ವ, ಮ, ಬ, ನ ಕಡೆಗೆ ಹೋಗುತ್ತಾರೆ. ‘ರ’ ಬರೆಯಲು ಬಂದವನಿಗೆ ‘ಗ’ ಮತ್ತು ‘ಸ’ ಹತ್ತಿರ, ‘ವ’ ಬಂದವನಿಗೆ ‘ಮ’ ಹತ್ತಿರ. ಐದು ಅಕ್ಷರ ಕಲಿತ ಮಗು ಆ ವಾರವೇ ‘ಸರ’, ‘ಅರಸ’, ‘ದಸರ’ ಅಂತ ಪದ ಬರೆದು ತೋರಿಸುತ್ತದೆ. ಬರೆದದ್ದಕ್ಕೆ ಅರ್ಥ ಇದೆ ಅಂತ ತಿಳಿದ ಮಗುವನ್ನು ಮತ್ತೆ ಬಲವಂತವಾಗಿ ಕೂರಿಸಬೇಕಾಗುವುದಿಲ್ಲ.

ತಲೆಕಟ್ಟು ಮೊದಲೋ, ಕೊನೆಯೋ?

ಈ ವಿಷಯದಲ್ಲಿ ಮೇಷ್ಟ್ರುಗಳಲ್ಲೇ ಎರಡು ಪಂಗಡ. ಮೈ ಮೊದಲು, ತಲೆಕಟ್ಟು ಕೊನೆಗೆ ಅನ್ನುವ ಪಂಗಡದವನು ನಾನು. ಅದಕ್ಕೆ ಕಾರಣ ಕಾಗುಣಿತದಲ್ಲೇ ಇದೆ.

‘ಕ’ ಬರೆದು ನೋಡಿ. ಅದರ ನೆತ್ತಿಯ ಮೇಲಿನ ತಲೆಕಟ್ಟು ಅಲಂಕಾರಕ್ಕಿರುವುದಲ್ಲ, ಅಕಾರ ಸೇರಿದೆ ಅನ್ನುವುದಕ್ಕೆ ಅದೇ ಗುರುತು. ‘ಕಿ’ ಬರೆಯುವಾಗ ತಲೆಕಟ್ಟು ಹೋಗಿ ಆ ಜಾಗದಲ್ಲಿ ಗುಡಿಸು ಬಂತು. ‘ಕೆ’ ಬರೆಯುವಾಗ ಎತ್ವ ಬಂತು. ‘ಕಾ’ ಆದರೆ ಅದೇ ಜಾಗದಿಂದ ಇಳಿ ಇಳಿಯಿತು. ‘ಕು’ ಆದಾಗ ತಲೆಕಟ್ಟು ಹಾಗೇ ಉಳಿದು ಪಕ್ಕದಲ್ಲಿ ಕೊಂಬು ಸೇರಿತು. ಅಂದರೆ ನೆತ್ತಿಯ ಮೇಲೆ ಏನು ಬರಬೇಕು ಅನ್ನುವುದು ಸ್ವರದ ಮೇಲೆ ನಿಂತಿದೆ. ಮೊದಲೇ ತಲೆಕಟ್ಟು ಎಳೆದುಬಿಟ್ಟವರು ‘ಕಿ’ ಬರೆಯುವಾಗ ಅದರ ಮೇಲೇ ಗುಡಿಸು ಹೇರುತ್ತಾರೆ, ಅಕ್ಷರ ಮಸಿ ಗುಡ್ಡೆಯಾಗುತ್ತದೆ. ಮೈ ಬರೆದು, ಪೆನ್ನು ಎತ್ತಿ, ನೆತ್ತಿಯ ಗುರುತು ಹಾಕಿ. ಎಡಗೈಯವರಿಗೂ ಇದೇ ಕ್ರಮ.

ಖ, ಜ, ಣ, ಬ, ಲ ಮೊದಲಾದವಕ್ಕೆ ತಲೆಕಟ್ಟೇ ಇಲ್ಲ. ಅಭ್ಯಾಸ ಬಲದಿಂದ ಅವುಗಳ ಮೇಲೂ ಗೆರೆ ಎಳೆಯುವ ಮಕ್ಕಳಿದ್ದಾರೆ, ಆಗಲೇ ತಿದ್ದಿ.

‘ಮ’ ಬರೆದರೆ ‘ವು’ ಅಂತ ಓದುತ್ತಾರೆ. ಏನು ಮಾಡಲಿ?

ಕನ್ನಡ ಕೈಬರಹದ ಅತಿ ಸಾಮಾನ್ಯ ತೊಡಕು ಇದೇ. ‘ಮ’ದ ಬಲಗಡೆ ಇರುವ ಸುಳಿ ನೋಡಲು ಕೊಂಬಿನ ಹಾಗೇ ಇದೆ. ಹಾಗಾಗಿ ‘ವ’ಕ್ಕೆ ಕೊಂಬು ಕೊಡುವಾಗ ನಮ್ಮ ಹಿರಿಯರು ಬೇರೆ ಉಪಾಯ ಮಾಡಿದರು: ಕೊಂಬನ್ನು ಪಕ್ಕಕ್ಕೆ ಅಂಟಿಸದೆ ಗೆರೆಯ ಕೆಳಗಿನಿಂದ ಎಳೆದರು. ‘ಪು’, ‘ಫು’, ‘ವು’ ಮೂರಕ್ಕೂ ಅದೇ ರೀತಿ. ಅಚ್ಚಾದ ಪುಸ್ತಕ ತೆಗೆದು ‘ಕು’ ಮತ್ತು ‘ವು’ ಪಕ್ಕ ಪಕ್ಕ ನೋಡಿ, ವ್ಯತ್ಯಾಸ ಕಾಣುತ್ತದೆ. ಕೈಬರಹದಲ್ಲಿ ಇದನ್ನು ಮರೆತವರ ‘ಹೂವು’ ‘ಹೂಮ’ ಆಗುತ್ತದೆ. ‘ಮ’ದ ಸುಳಿ ಗೆರೆಯ ಮೇಲೇ ಇರಲಿ, ‘ವು’ವಿನ ಕೊಂಬು ಗೆರೆ ದಾಟಿ ಕೆಳಗಿಳಿಯಲಿ. ಇಷ್ಟು ಮಾಡಿದರೆ ಮತ್ತೆ ಯಾರೂ ತಪ್ಪಾಗಿ ಓದುವುದಿಲ್ಲ.

ಇದೇ ಜಾತಿಯ ಇನ್ನೂ ಕೆಲವು ತೊಡಕುಗಳಿವೆ. ‘ಪ’ದ ಒಳಗೆ ಒಂದು ಗೆರೆ ಬಂದರೆ ‘ಷ’; ಆ ಗೆರೆ ಬಿಟ್ಟುಹೋದರೆ ‘ಭಾಷೆ’ ‘ಭಾಪೆ’ ಆಗುತ್ತದೆ. ‘ದ’ದ ಹೊಟ್ಟೆ ಸೀಳಿದರೆ ‘ಧ’, ನಡುವೆ ಚುಕ್ಕಿ ಇಟ್ಟರೆ ‘ಥ’. ‘ರ’ದ ನಡುವೆ ಚುಕ್ಕಿ ಇಟ್ಟರೆ ‘ಠ’. ‘ಡ’ ‘ಢ’ಗಳಿಗೂ ‘ಬ’ ‘ಭ’ಗಳಿಗೂ ಇರುವ ವ್ಯತ್ಯಾಸ ಅಡಿಯ ಆ ಸಣ್ಣ ಗೆರೆ ಮಾತ್ರ. ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಇದೇ ಚುಕ್ಕಿ, ಇದೇ ಗೆರೆ. ಧನ ಇದ್ದಲ್ಲಿ ದನ ಬಂದು ನಿಂತರೆ ಓದುವವರು ಸಂದರ್ಭ ನೋಡಿ ಸರಿಮಾಡಿಕೊಳ್ಳಬಹುದು, ಹೆಸರುಗಳಲ್ಲಿ ಅದು ಆಗುವುದಿಲ್ಲ. ಅರ್ಜಿ ತುಂಬುವಾಗ ಹೆಸರಿನ ಮಹಾಪ್ರಾಣವನ್ನು ಒತ್ತಿ ತೋರಿಸಿ.

ಒತ್ತಕ್ಷರ ಬಂದಾಗಲೆಲ್ಲ ಸಾಲು ಗೋಜಲಾಗುತ್ತದೆ.

ಮೇಲಿನ ಅಕ್ಷರವನ್ನು ನೀವು ಗೆರೆಗೆ ಅಂಟಿಸಿ ಬರೆಯುತ್ತಿದ್ದೀರಿ, ಅದೇ ಕಾರಣ. ಒತ್ತಿಗೆ ಜಾಗ ಬೇಕು. ಮೂಲಾಕ್ಷರದ ಅರ್ಧದಷ್ಟು ಗಾತ್ರದಲ್ಲಿ, ಅದರ ಕೆಳಗೆ ಸ್ವಲ್ಪ ಬಲಕ್ಕೆ ಒತ್ತು ಕೂರಬೇಕು. ಹೆಚ್ಚಿನ ಒತ್ತುಗಳು ಮೂಲಾಕ್ಷರವನ್ನೇ ತಲೆಕಟ್ಟು ಬಿಚ್ಚಿ ಚಿಕ್ಕದು ಮಾಡಿದವು. ತ, ನ, ಮ, ಯ, ರ, ಲ ಇವುಗಳ ಒತ್ತು ಮಾತ್ರ ಬೇರೆ ಆಕಾರ. ಇವು ಆರನ್ನು ಪ್ರತ್ಯೇಕವಾಗಿ ಬರೆದು ರೂಢಿ ಮಾಡಿಕೊಳ್ಳಿ. ಕನ್ನಡದಲ್ಲಿ ದಿನವೂ ಬರುವ ಒತ್ತುಗಳೂ ಇವೇ: ಅತ್ತೆ, ಅನ್ನ, ಅಮ್ಮ, ಅಯ್ಯ, ಚಕ್ರ, ಬೆಲ್ಲ.

ಪುಸ್ತಕದ ಮಾತೂ ಇಲ್ಲಿಗೇ ಸೇರುತ್ತದೆ. ನಾಲ್ಕು ಗೆರೆಯ ಪುಸ್ತಕ ಇಂಗ್ಲಿಷಿಗೆ ಮಾಡಿದ್ದು, ಅದರಲ್ಲಿ ಕನ್ನಡ ಬರೆಸಬೇಡಿ. ಕಾಪಿ ಬರೆಯಲು ಎರಡು ಗೆರೆಯ ಪುಸ್ತಕ ಒಳ್ಳೆಯದು. ಆದರೆ ಒಂದು ಜೋಡಿ ಗೆರೆಗೂ ಮುಂದಿನ ಜೋಡಿಗೂ ನಡುವೆ ಒತ್ತು ಹಿಡಿಯುವಷ್ಟು ಅಂತರ ಇದೆಯೇ ಅಂತ ನೋಡಿ ಕೊಳ್ಳಿ. ‘ರಾಷ್ಟ್ರ’ ಬರೆದು, ಅದರ ಕೆಳಗಿನ ಸಾಲಿನಲ್ಲಿ ‘ಕೀರ್ತಿ’ ಬರೆಯಿರಿ. ಮೇಲಿನ ರಕಾರದ ಒತ್ತು ಕೆಳಗಿನ ಗುಡಿಸಿಗೆ ತಾಗಿದರೆ ಆ ಪುಸ್ತಕ ಕನ್ನಡಕ್ಕಲ್ಲ.

ಅರ್ಕಾವೊತ್ತು ಬಿಟ್ಟು ಬರೆಯಬಹುದಾ?

‘ಸೂರ್ಯ’ದಲ್ಲಿ ರಕಾರ ಮೊದಲು ಕೇಳಿಸುತ್ತದೆ, ಆದರೆ ಅದರ ಗುರುತು ಯಕಾರದ ನಂತರ ಬರುತ್ತದೆ. ಮಕ್ಕಳಿಗೆ ಗೊಂದಲ ಆಗುವುದು ಸಹಜ. ರಕಾರವನ್ನೇ ಬರೆದು ಅದರ ಕೆಳಗೆ ಯಕಾರದ ಒತ್ತು ಕೊಡುವವರೂ ಇದ್ದಾರೆ, ಓದುವವರಿಗೆ ಅರ್ಥವಾಗುತ್ತದೆ. ಆದರೂ ಅರ್ಕಾವೊತ್ತನ್ನು ಕಲಿಸಲೇಬೇಕು, ಯಾಕೆಂದರೆ ಅಚ್ಚಿನಲ್ಲಿ ಕಾಣುವುದು ಅದೇ. ಒಂದೇ ಹಾಳೆಯಲ್ಲಿ ಎರಡನ್ನೂ ಬೆರೆಸಬೇಡಿ.

ಬೇಗ ಬರೆದರೆ ಕಾಗೆ ಕಾಲು ಗುಬ್ಬಿ ಕಾಲು ಆಗುತ್ತದೆ. ಪರೀಕ್ಷೆಯಲ್ಲಿ ಏನು ಮಾಡಲಿ?

ವೇಗಕ್ಕೆ ಇಂದಿನ ಕನ್ನಡದಲ್ಲಿ ಕೂಡುಬರಹ ಇಲ್ಲ. ತಲೆಕಟ್ಟು ಹಾಕಲು, ಒತ್ತು ಕೊಡಲು ಪೆನ್ನು ಎತ್ತಲೇಬೇಕು. ಹಾಗಾಗಿ ವೇಗ ಬರಬೇಕಾದದ್ದು ಎರಡು ಕಡೆಯಿಂದ. ಒಂದು, ಅಕ್ಷರದ ಮೈಯನ್ನು ಒಂದೇ ಓಟದಲ್ಲಿ ಮುಗಿಸುವುದರಿಂದ. ‘ಅ’, ‘ಲ’, ‘ಯ’ ಬರೆಯುವಾಗ ನಡುವೆ ಪೆನ್ನು ಎತ್ತುವ ಅಭ್ಯಾಸ ಇದ್ದರೆ ಮೊದಲು ಬಿಡಿಸಿಕೊಳ್ಳಿ. ಇನ್ನೊಂದು, ಗಾತ್ರ ಇಳಿಸುವುದರಿಂದ. ದೊಡ್ಡ ದುಂಡಕ್ಷರ ಚೆಂದ, ಆದರೆ ಕೈ ಹೆಚ್ಚು ದೂರ ಓಡುತ್ತದೆ.

ಪದಗಳ ನಡುವೆ ಒಂದು ಅಕ್ಷರದಷ್ಟು ಜಾಗ ಬಿಡಿ. ಮೌಲ್ಯಮಾಪಕರ ಮುಂದೆ ಕಟ್ಟುಗಟ್ಟಲೆ ಉತ್ತರ ಪತ್ರಿಕೆ ಇರುತ್ತದೆ. ಅವರಿಗೆ ನಿಮ್ಮ ಅಕ್ಷರ ಮುತ್ತು ಪೋಣಿಸಿದಂತೆ ಇರಬೇಕಾಗಿಲ್ಲ, ತಡವರಿಸದೆ ಓದಲು ಬಂದರೆ ಸಾಕು. ತಪ್ಪಾದರೆ ಒಂದೇ ಗೆರೆ ಹೊಡೆದು ಮುಂದೆ ಹೋಗಿ. ಗೀಚಿ ಗೀಚಿ ಕಪ್ಪು ಮಾಡಿದರೆ ಇಡೀ ಪುಟ ಕೊಳಕಾಗುತ್ತದೆ.

ಬರೆದರೆ ಕೈ ನೋಯುತ್ತದೆ, ಕತ್ತು ಹಿಡಿಯುತ್ತದೆ.

ಬರೆಯುವವರ ಹಳೆಯ ನೋವು ಇದು. ಓಲೆಗರಿ ಗ್ರಂಥಗಳ ಕೊನೆಯಲ್ಲಿ ಪ್ರತಿಕಾರರು ಬರೆದಿಡುತ್ತಿದ್ದ ಒಂದು ಸಂಸ್ಕೃತ ಶ್ಲೋಕವಿದೆ: ಬೆನ್ನು, ಸೊಂಟ, ಕತ್ತು ಮುರಿದು, ದೃಷ್ಟಿ ಕೀಲಿಸಿ, ತಲೆ ಬಗ್ಗಿಸಿ ಕಷ್ಟಪಟ್ಟು ಬರೆದ ಗ್ರಂಥ, ಜತನದಿಂದ ಕಾಪಾಡಿ ಅನ್ನುವುದು ಅದರ ಭಾವ. ಅವರು ಎಡಗೈಯಲ್ಲಿ ಗರಿ, ಬಲಗೈಯಲ್ಲಿ ಕಂಠ (ಲೋಹದ ಮೊನೆಯ ಲೇಖನಿ) ಹಿಡಿದು ಕೊರೆಯಬೇಕಿತ್ತು, ಬೇರೆ ದಾರಿ ಇರಲಿಲ್ಲ. ನಮಗೆ ಇದೆ.

ಪೆನ್ನನ್ನು ಹೆಬ್ಬೆರಳು ಮತ್ತು ತೋರುಬೆರಳ ತುದಿಯಲ್ಲಿ ಹಿಡಿದು, ಕೆಳಗಿನಿಂದ ನಡುಬೆರಳ ಆಸರೆ ಕೊಡಿ. ತೋರುಬೆರಳ ಗೆಣ್ಣು ಒಳಕ್ಕೆ ಬಾಗಿ ಉಗುರಿನ ಬುಡ ಬಿಳುಚಿಕೊಂಡಿದ್ದರೆ ಒತ್ತಡ ಹೆಚ್ಚಾಗಿದೆ ಅಂತ ಅರ್ಥ. ಬರೆದ ಹಾಳೆಯನ್ನು ತಿರುಗಿಸಿ ಹಿಂಬದಿ ಸವರಿ ನೋಡಿ, ಅಕ್ಷರ ಕೈಗೆ ಸಿಕ್ಕರೆ ಆಗಲೂ ಅದೇ ಮಾತು. ಬಲಗೈಯವರು ಹಾಳೆಯ ಮೇಲ್ತುದಿಯನ್ನು ಸ್ವಲ್ಪ ಎಡಕ್ಕೆ ವಾಲಿಸಿ ಇಟ್ಟುಕೊಳ್ಳಿ. ಮೊಣಕೈ ಮೇಜಿನ ಮೇಲಿರಲಿ. ನೆಲದ ಮೇಲೆ ಕೂತು ಬರೆಯುವವರಿಗೆ ಇಳಿಜಾರಾದ ಡೆಸ್ಕು ಬಹಳ ಅನುಕೂಲ. ಹಳೆಯ ಮನೆಗಳಲ್ಲಿ ಲೆಕ್ಕ ಬರೆಯಲು ಇಟ್ಟುಕೊಳ್ಳುತ್ತಿದ್ದ ಗಿಡ್ಡ ಮರದ ಪೆಟ್ಟಿಗೆ ಇನ್ನೂ ಅಟ್ಟದ ಮೇಲಿದ್ದರೆ ಇಳಿಸಿ. ಇಷ್ಟಾದರೂ ನೋವು ವಾರಗಟ್ಟಲೆ ಉಳಿದರೆ ವೈದ್ಯರನ್ನು ಕಾಣಿ.

ಮಗು ಎಡಗೈಯಲ್ಲಿ ಬರೆಯುತ್ತಿದೆ.

ಬರೆಯಲಿ. ಕೈ ಬದಲಾಯಿಸಬೇಡಿ, ಬಲವಂತ ಮಾಡಬೇಡಿ, ನೆಂಟರ ಮುಂದೆ ಆ ಮಾತೇ ಎತ್ತಬೇಡಿ. ಹಾಳೆಯ ಮೇಲ್ತುದಿ ಬಲಕ್ಕೆ ವಾಲಿರಲಿ, ಕೈ ಸಾಲಿನ ಕೆಳಗಿರಲಿ, ಪೆನ್ನನ್ನು ತುದಿಯಿಂದ ಸ್ವಲ್ಪ ಮೇಲೆ ಹಿಡಿಯಲಿ. ಬೇಗ ಒಣಗುವ ಶಾಯಿಯ ಪೆನ್ನು ಕೊಡಿ, ಇಲ್ಲವಾದರೆ ಬರೆದದ್ದರ ಮೇಲೆ ಕೈ ಹಾಯ್ದು ಮಸಿ ಹರಡುತ್ತದೆ. ಶಾಲೆಯ ಬೆಂಚಿನಲ್ಲಿ ಎಡ ತುದಿಗೆ ಕೂರಿಸುವಂತೆ ಟೀಚರ್ ಹತ್ತಿರ ಕೇಳಿಕೊಳ್ಳಿ, ಪಕ್ಕದ ಮಗುವಿನ ಮೊಣಕೈ ತಾಗುವುದು ತಪ್ಪುತ್ತದೆ.

ಯಾವ ಪೆನ್ನು ಒಳ್ಳೆಯದು?

ಸಣ್ಣ ಮೊನೆಯದು. ಕನ್ನಡದ ಸುಳಿಗಳು ಚಿಕ್ಕವು, ದಪ್ಪ ನಿಬ್ಬಿನಲ್ಲಿ ‘ಣ’, ‘ಯ’, ‘ಖ’ಗಳ ಒಳಜಾಗ ಮುಚ್ಚಿಹೋಗುತ್ತದೆ. ಇಂಕ್ ಪೆನ್ನು ಒತ್ತದೆಯೇ ಬರೆಯುತ್ತದೆ, ಹಾಗಾಗಿ ಕೈಯ ಒತ್ತಡ ಇಳಿಸಲು ಅದು ಒಳ್ಳೆಯದು. ಆದರೆ ತೆಳು ಕಾಗದದಲ್ಲಿ ಶಾಯಿ ಹೀರುತ್ತದೆ. ಪರೀಕ್ಷೆಗೆ ಕೈಗೆ ಒಗ್ಗಿದ ಪೆನ್ನು ಮಾತ್ರ, ಹೊಸ ಪೆನ್ನು ಬೇಡ.

ಓಲೆಗರಿ ಹರಿಯಬಾರದು ಅಂತ ಕನ್ನಡದ ಅಕ್ಷರ ದುಂಡಗಾಯಿತಂತೆ, ನಿಜವೇ?

ಅದರಲ್ಲಿ ಹುರುಳಿದೆ. ತಾಳೆಗರಿಯ ನಾರು ಉದ್ದಕ್ಕೆ ಓಡುತ್ತದೆ. ಲೋಹದ ಮೊನೆಯಲ್ಲಿ ನಾರಿನ ಜತೆಗೇ ನೇರ ಗೆರೆ ಎಳೆದರೆ ಗರಿ ಸೀಳುವ ಅಪಾಯ ಇದೆ, ಬಾಗಿದ ಗೆರೆಗೆ ಅಷ್ಟಿಲ್ಲ. ಓಲೆಯ ಮೇಲೆ ಬೆಳೆದ ಒಡಿಯಾ ಲಿಪಿಯೂ ದುಂಡಗಿದೆ. ಆದರೆ ಒಂದೇ ಕಾರಣಕ್ಕೆ ಒಂದು ಲಿಪಿ ರೂಪ ಪಡೆಯುವುದಿಲ್ಲ. 5ನೇ ಶತಮಾನದ ಹಲ್ಮಿಡಿ ಶಾಸನದ ಅಕ್ಷರ ನೋಡಿದರೆ ಇಂದಿನ ಕನ್ನಡ ಓದುವವರಿಗೆ ಗುರುತು ಸಿಗುವುದೇ ಕಷ್ಟ. ಅಲ್ಲಿಂದ ಇಲ್ಲಿಯವರೆಗೆ ಲಿಪಿಕಾರರ ಕೈ, ಕಲ್ಲುಕುಟಿಗರ ಉಳಿ, ಕೊನೆಗೆ ಅಚ್ಚಿನ ಮೊಳೆ ಎಲ್ಲವೂ ಅದನ್ನು ತಿದ್ದಿವೆ. ಕೊರೆದ ಗೆರೆಗೆ ದೀಪದ ಮಸಿ ಸವರಿ ಒರೆಸಿದಾಗಲೇ ಓಲೆಯ ಅಕ್ಷರ ಕಣ್ಣಿಗೆ ಕಾಣುತ್ತಿತ್ತು. ಅಷ್ಟು ಶ್ರಮದ ಕೆಲಸವಾದ್ದರಿಂದ ಮೊದಲು ಹಲಗೆಯ ಮೇಲೆ ಬಳಪದಲ್ಲಿ ಬರೆದು ತಿದ್ದಿ, ಆಮೇಲೆ ಓಲೆಗೆ ಇಳಿಸುವ ರೂಢಿ ಇತ್ತು. ಕುಮಾರವ್ಯಾಸ ತಾನು ಹಲಗೆ ಬಳಪ ಹಿಡಿಯಲಿಲ್ಲ ಅಂತ ಹೆಮ್ಮೆಯಿಂದ ಹೇಳಿಕೊಳ್ಳುವುದು ಈ ಹಿನ್ನೆಲೆಯಲ್ಲೇ. 10ನೇ ಶತಮಾನದ ಅತ್ತಿಮಬ್ಬೆ ಪೊನ್ನನ ಕಾವ್ಯದ 1000 ಪ್ರತಿ ಮಾಡಿಸಿ ಹಂಚಿದಳು ಅನ್ನುವುದನ್ನು ಓದುವಾಗ, ಅಷ್ಟೂ ಪ್ರತಿಗಳನ್ನು ಒಂದೊಂದೇ ಅಕ್ಷರ ಕೊರೆದು ಮಾಡಿದ ಕೈಗಳನ್ನು ನಾನು ನೆನೆಯುತ್ತೇನೆ. ಅವರ ಹೆಸರು ಯಾರಿಗೂ ಗೊತ್ತಿಲ್ಲ.

ಅಚ್ಚು ಬಂದ ಮೇಲೂ ಕೈಬರಹಕ್ಕೆ ಕೆಲಸ ಇತ್ತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಮೂಡಿಸಿದ ಕೈಬರಹದಿಂದ, ಮುದ್ರಣವಾಯಿತು. ಓದುಗರ ಕೈಗೆ ಬಂದದ್ದು ಕೈಯಲ್ಲಿ ಬರೆದ ಅಕ್ಷರದ ಪಡಿಯಚ್ಚು.

ಅಜ್ಜನ ಕಾಲದ ಪತ್ರ ಸಿಕ್ಕಿದೆ, ಒಂದು ಅಕ್ಷರವೂ ಓದಲು ಬರುತ್ತಿಲ್ಲ.

ಅದು ಮೋಡಿ ಬರಹ ಇರಬಹುದು. ಶಾನುಭೋಗರು, ವ್ಯಾಪಾರಿಗಳು ವೇಗಕ್ಕಾಗಿ ತಲೆಕಟ್ಟು ಬಿಟ್ಟು, ಪೆನ್ನು ಎತ್ತದೆ, ಅಕ್ಷರಗಳನ್ನು ಕೂಡಿಸಿ ಬರೆಯುತ್ತಿದ್ದ ಕನ್ನಡ ಅದು. ಹುಣಿಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದ ಬಟ್ಟೆಯನ್ನು ಮಡಿಸಿ ಮಾಡಿದ ಕಡತಗಳಲ್ಲಿ ಬಳಪದಿಂದ ಹೀಗೆ ಬರೆದ ಲೆಕ್ಕಗಳು ಇವತ್ತಿಗೂ ಉಳಿದಿವೆ.

ಓದಲು ಒಂದು ದಾರಿ ಇದೆ. ಗೊತ್ತಿರುವ ಪದಗಳನ್ನು ಮೊದಲು ಹುಡುಕಿ: ಮೊದಲ ಸಾಲಿನಲ್ಲಿ ಸಂವತ್ಸರ, ಮಾಸ, ತಿಥಿ ಇರುವ ಸಂಭವ ಹೆಚ್ಚು, ನಡುವೆ ನಿಮ್ಮ ಊರಿನ ಹೆಸರು, ಹಿರಿಯರ ಹೆಸರು, ಆಮೇಲೆ ನಾಲ್ಕು ದಿಕ್ಕಿನ ಚೆಕ್ಕುಬಂದಿ (ಜಮೀನಿನ ಎಲ್ಲೆ). ಆ ಪದಗಳಿಂದ ಬರೆದವರ ಒಂದೊಂದು ಅಕ್ಷರವನ್ನು ಬೇರೆ ಹಾಳೆಯಲ್ಲಿ ಪಟ್ಟಿ ಮಾಡುತ್ತಾ ಹೋಗಿ. ಹಳೆಯ ಬರಹಗಳಲ್ಲಿ ಪದಗಳ ನಡುವೆ ಜಾಗ ಇರುವುದಿಲ್ಲ, ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ವ್ಯತ್ಯಾಸ ತೋರಿಸಿರುವುದಿಲ್ಲ ಅನ್ನುವುದು ನೆನಪಿರಲಿ. ಓಲೆಗರಿಯಾದರೆ ಎಣ್ಣೆ ಹಚ್ಚಲು, ತೊಳೆಯಲು ಹೋಗಬೇಡಿ. ಮಡಿಸದೆ ಬಟ್ಟೆಯಲ್ಲಿ ಸುತ್ತಿಡಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿಶಾಸ್ತ್ರ ವಿಭಾಗಗಳಲ್ಲಿ ವಿಚಾರಿಸಬಹುದು. ಆಸ್ತಿಗೆ ಸಂಬಂಧಪಟ್ಟ ಪತ್ರವಾದರೆ ಮೂಲವನ್ನು ಯಾರ ಕೈಗೂ ಬಿಟ್ಟು ಬರಬೇಡಿ, ಫೋಟೋ ತೋರಿಸಿ.

ಕೈಬರಹ ನೋಡಿ ಸ್ವಭಾವ ಹೇಳಬಹುದಾ?

ಇಲ್ಲ. ಅದಕ್ಕೆ ನಂಬುವಂಥ ಆಧಾರವಿಲ್ಲ. ಒಬ್ಬರು ಬರೆದದ್ದು ಅವರದೇ ಬರಹವೇ ಅಂತ ನ್ಯಾಯಾಲಯಕ್ಕಾಗಿ ಪರೀಕ್ಷಿಸುವುದು ಬೇರೆಯೇ ವಿದ್ಯೆ.

ವಯಸ್ಸು 50 ದಾಟಿದೆ. ಈಗ ಅಕ್ಷರ ತಿದ್ದಬಹುದಾ?

ಖಂಡಿತ. ಇಡೀ ವರ್ಣಮಾಲೆ ತಿದ್ದಲು ಹೊರಡಬೇಡಿ. ಯಾವತ್ತೋ ಅವಸರದಲ್ಲಿ ಬರೆದ ಒಂದು ಪುಟ ತೆಗೆದುಕೊಂಡು, ಮನೆಯವರಿಗೆ ಓದಲು ಕೊಡಿ. ಅವರು ತಡವರಿಸಿದ ಅಕ್ಷರಕ್ಕೆಲ್ಲ ಸುತ್ತು ಹಾಕಿ. ಬಂದದ್ದು ಬಂದದ್ದೇ ನಾಲ್ಕೈದು ಅಕ್ಷರ ಇರುತ್ತವೆ. ದಿನಕ್ಕೆ ಕಾಲು ಗಂಟೆ ಅವುಗಳನ್ನು ಮಾತ್ರ, ಬಿಡಿ ಅಕ್ಷರವಾಗಿ ಅಲ್ಲ, ಪದಗಳಲ್ಲಿ ಬರೆಯಿರಿ. ಬರೆಯಲು ವಿಷಯ ಇರಲಿ: ಅಡುಗೆಯ ಅಳತೆ, ಮನೆಯ ಖರ್ಚು, ಹಾಡುವ ದೇವರನಾಮ, ಮೊಮ್ಮಗಳಿಗೆ ಕಾಗದ.

ಹೊರದೇಶದಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಹೇಗೆ ಕಲಿಸುವುದು?

ಅವರ ಕೈ ಮೊದಲು ಇಂಗ್ಲಿಷಿಗೆ ಪಳಗಿರುತ್ತದೆ. ಅಕ್ಷರವನ್ನು ಚಿತ್ರದ ಹಾಗೆ ನೋಡಿ ನಕಲು ಮಾಡುತ್ತಾರೆ, ಎಲ್ಲಿಂದ ಶುರು ಮಾಡಬೇಕು ಅನ್ನುವುದು ಗೊತ್ತಿರುವುದಿಲ್ಲ. ವಾರಾಂತ್ಯದ ಕನ್ನಡ ತರಗತಿಯಲ್ಲಿ ಸಮಯ ಕಡಿಮೆ, ಹಾಗಾಗಿ ಹಾಳೆ ತುಂಬಿಸುವ ಮೊದಲು ಎದುರು ಕೂತು ಕೈ ಓಡುವ ದಾರಿ ತೋರಿಸಿ. ವಿಡಿಯೋ ಕರೆಯಲ್ಲಿ ಅಜ್ಜಿ ಹೇಳಿಕೊಡುವುದಾದರೆ ಫೋನನ್ನು ಮುಖದ ಕಡೆಗಲ್ಲ, ಬರೆಯುವ ಕೈಯ ಮೇಲ್ಗಡೆ ನಿಲ್ಲಿಸಲಿ. ಮೊದಲು ಮಗುವಿನ ಹೆಸರು, ಆಮೇಲೆ ಅಪ್ಪ, ಅಮ್ಮ, ಅಜ್ಜಿ, ತಾತ. ‘ಅಪ್ಪ’ ‘ಅಮ್ಮ’ಗಳಲ್ಲೇ ಒತ್ತಕ್ಷರ ಇರುವುದರಿಂದ ಅದನ್ನು ಮುಂದಕ್ಕೆ ಹಾಕುವ ಪ್ರಶ್ನೆಯೇ ಬರುವುದಿಲ್ಲ.

ಕನ್ನಡದಲ್ಲಿ ಸಹಿ ಮಾಡಿದರೆ ಬ್ಯಾಂಕಿನಲ್ಲಿ ನಡೆಯುತ್ತದಾ?

ನಡೆಯುತ್ತದೆ. ಬ್ಯಾಂಕಿನವರು ನೋಡುವುದು ಅವರಲ್ಲಿರುವ ಮಾದರಿ ಸಹಿಗೆ ಹೊಂದುತ್ತದೆಯೇ ಅಂತ, ಭಾಷೆಯನ್ನಲ್ಲ. ಇಷ್ಟು ದಿನ ಇಂಗ್ಲಿಷಿನಲ್ಲಿ ಮಾಡುತ್ತಿದ್ದವರು ಬದಲಾಯಿಸುವುದಾದರೆ ಮೊದಲು ಶಾಖೆಗೆ ಹೋಗಿ ಹೊಸ ಮಾದರಿ ಸಹಿ ಕೊಡಿ; ಅಲ್ಲಿಯವರೆಗೆ ಚೆಕ್ಕಿಗೆ ಹಳೆಯದೇ ಹಾಕಿ. ಪ್ಯಾನ್ ಕಾರ್ಡಿನಲ್ಲಿ ಬೇರೆ ಸಹಿ ಉಳಿದಿದ್ದರೆ ಅದನ್ನೂ ತಿದ್ದಿಸಿ. ಸಹಿಯಲ್ಲೂ ಒತ್ತು, ದೀರ್ಘ ಬಿಡದೆ ಪೂರ್ತಿ ಹೆಸರು ಬರೆಯಿರಿ.